ದೂರದ ಚಂಡಮಾರುತವೂ ಹತ್ತಿರದ ಸುಂಟರಗಾಳಿಯೂ

ಪಾಠಭಾಗ: ಅಪೊಸ್ತಲರ ಕೃತ್ಯಗಳು 27:9-20, ಲೂಕ 13:1-5

ಚೆನ್ನೈ ತೀರಕ್ಕೆ ಚಂಡಮಾರುತವು ಬರುತ್ತದೆಂಬ ವರ್ತಮಾನವನ್ನು ಕೇಳಿದಾಗ ಬೆಳ್ಳಂದೂರಿನ ಸುತ್ತಣ ಜನರು, ಅದು ನಮ್ಮ ಪಾಲಿನದಲ್ಲವೆಂದು ನಿಶ್ಚಿಂತರಾಗಿರುವದುಂಟು. ಸಮುದ್ರವು ಇಲ್ಲಿಂದ ಸುಮಾರು 300 ಕಿಲೋಮೀಟರು ದೂರ. 2022ನೇ ಡಿಸೆಂಬರಿನಲ್ಲಿ ಮಾಂಡೂಸ್ ಎಂಬದು ಮಾಮಲ್ಲಪುರದ ಬಳಿಯಲ್ಲಿಯೂ, 2024ನೇ ನವೆಂಬರು 30ರಲ್ಲಿ ಫೆಂಗಲ್ ಎಂಬದು ಪುದುಚೇರಿಯ ಬಳಿಯಲ್ಲಿಯೂ ದಡ ಸೇರಿದಾಗ ಈ ಸೀಮೆಗೆ ಬಂದದ್ದು ಮೋಡವೂ ಚಳಿಯೂ ಜಡಿಮಳೆಯೂ. ಆದಕಾರಣ, ಗಾಳಿಯ ಕೇಡು ಚಂಡಮಾರುತದ ನಡುವೆ ಸಿಕ್ಕಿದವರಿಗೇ ಹೊರತು ದೂರದವರಿಗಿಲ್ಲವೆಂಬ ಎಣಿಕೆ ಜನರಲ್ಲಿ ಬೇರೂರಿದೆ. ಈ ಎಣಿಕೆಯು ಎಷ್ಟರ ಮಟ್ಟಿಗೆ ಸರಿಯೆಂದು ಈ ಪಾಠದಲ್ಲಿ ವಿಚಾರಿಸೋಣ.

ಕ್ರೇತ ದ್ವೀಪದ ರೇವಿನಲ್ಲಿ ಹಡಗು ತಂಗಿದ್ದಾಗ, ಪ್ರಯಾಣಕ್ಕೆ ತಕ್ಕ ಕಾಲವು ದಾಟಿತೆಂದು ಪೌಲನು ಎಚ್ಚರಿಸಿದನು. ಶತಾಧಿಪತಿಯಾದರೋ ಹಡಗಿನ ಯಜಮಾನನ ಮಾತನ್ನೇ ಹೆಚ್ಚಾಗಿ ನಂಬಿದನು. (ಅವನನ್ನು ನಾವು ಬಹಳವಾಗಿ ಹಳಿಯಬಾರದು. ಡೇರೆ ಮಾಡುವ ಸೆರೆಯವನಿಗಿಂತ ಸಮುದ್ರವನ್ನು ಬಲ್ಲವನಿಗೆ ಕಿವಿಗೊಡುವದು ಲೋಕದ ರೂಢಿಯೇ.) ಅಷ್ಟರಲ್ಲಿ ತೆಂಕಣ ಗಾಳಿಯು ಮೆಲ್ಲಗೆ ಬೀಸಿತು. ತಮ್ಮ ಎಣಿಕೆ ಕೈಗೂಡಿತೆಂದು ಅವರು ಲಂಗರನ್ನೆತ್ತಿ ಹೊರಟರು. ಸ್ವಲ್ಪ ಹೊತ್ತಿನೊಳಗೆ ದ್ವೀಪದ ಕಡೆಯಿಂದಲೇ ಬಿರುಗಾಳಿಯು ಬಂದು ಹಡಗನ್ನು ಹಿಡಿಯಿತು. ಆ ಮೆಲುಗಾಳಿಯನ್ನು ಕಂಡೇ ಅವರು ಮೋಸಹೋದರು.

ನಮ್ಮ ದೇಶದಲ್ಲಿ 2021ರಲ್ಲಿ ನಡೆದದ್ದನ್ನು ಕೇಳಿರಿ. ಯಾಸ್ ಎಂಬ ಚಂಡಮಾರುತವು ಮೇ 26ರಂದು ಒಡಿಶಾದ ಬಾಲಸೋರಿನ ದಕ್ಷಿಣಕ್ಕೆ ದಡ ಹತ್ತಿತು. ಅದರ ಹಿಂದಿನ ದಿನ, ಅದು ಇನ್ನೂ ಬಂಗಾಳಕೊಲ್ಲಿಯಲ್ಲಿದ್ದಾಗಲೇ, ಬಾಲಸೋರಿಗೆ 200 ಕಿಲೋಮೀಟರು ದೂರದಲ್ಲಿ, ಹೂಗ್ಲಿ ನದಿಯ ದಡದ ಚಿನ್ಸುರಾ ಹಾಲಿಶಹರ್ ಎಂಬ ಊರುಗಳಲ್ಲಿ ಸುಂಟರಗಾಳಿ ಇಳಿಯಿತು. (ಈ ಚಿನ್ಸುರಾದಲ್ಲಿಯೇ ಲಂಡನ್ ಮಿಷನಿನ ರಾಬರ್ಟ್ ಮೇ ಎಂಬವರು 1814ರಲ್ಲಿ ಬಂಗಾಳಿ ಮಕ್ಕಳಿಗಾಗಿ ಶಾಲೆಯನ್ನು ತೆರೆದದ್ದು.) ಕೆಲವೇ ನಿಮಿಷಗಳಲ್ಲಿ ಸುಮಾರು 80 ಮನೆಗಳು ಹಾಳಾದವು. ಅದೇ ದಿನ ವಿದ್ಯುತ್ತು ತಗಲಿ ಇಬ್ಬರು ಸತ್ತರು. ಜನರು ಮರುದಿನದ ಗಾಳಿಯನ್ನು ಎದುರುನೋಡುತ್ತಿದ್ದಾಗ ಕೇಡು ಆ ದಿನವೇ ಬಂದಿತ್ತು.

ಚಂಡಮಾರುತವೂ ಸುಂಟರಗಾಳಿಯೂ ಒಂದೇ ಅಲ್ಲ. ಚಂಡಮಾರುತವು ಕಾದ ಸಮುದ್ರದ ಮೇಲೆ ಹುಟ್ಟಿ, ನೂರಾರು ಕಿಲೋಮೀಟರು ಅಗಲವಾಗಿ ಹರಡಿ, ದಿನಗಟ್ಟಲೆ ಬಾಳುವದು. ಸುಂಟರಗಾಳಿಯು ಗುಡುಗುಮೋಡದಿಂದ ನೆಲಕ್ಕೆ ಇಳಿದ ಸುಳಿ. ಅದರ ಅಗಲವು ಅನೇಕವೇಳೆ ಕೆಲವು ನೂರು ಅಡಿ, ಆಯುಸ್ಸು ಕೆಲವು ನಿಮಿಷ. ಆದರೂ ಮೊದಲನೆಯದು ಎರಡನೆಯದನ್ನು ಹೆರುವದುಂಟು. ಹೇಗಂದರೆ, ಚಂಡಮಾರುತದ ಅಂಚಿನಲ್ಲಿ ಮಳೆಮೋಡಗಳು ಉದ್ದವಾದ ಪಟ್ಟಿಗಳಾಗಿ ಸುತ್ತುತ್ತಿರುತ್ತವೆ. ಇವು ನೆಲದ ಮೇಲೆ ಬಂದಾಗ ಮರ ಮನೆಗಳು ಕೆಳಗಿನ ಗಾಳಿಯನ್ನು ತಡೆಯುವವು. ಮೇಲಿನ ಗಾಳಿಯು ವೇಗವಾಗಿಯೇ ಓಡುವದು. ಆಗ ನಡುವಣ ಗಾಳಿಯು ಎರಡು ಅಂಗೈಗಳ ನಡುವೆ ಹೊಸೆದ ಬತ್ತಿಯಂತೆ ಉರುಳತೊಡಗಿ, ಮೋಡದೊಳಕ್ಕೆ ಏರುವ ಗಾಳಿಯ ಸೆಳೆತದಿಂದ ನೆಟ್ಟಗೆ ನಿಲ್ಲುವದು. ನಮ್ಮ ಉತ್ತರಾರ್ಧಗೋಳದಲ್ಲಿ, ಚಂಡಮಾರುತವು ಸಾಗುವ ದಿಕ್ಕಿಗೆ ಮುಖಮಾಡಿ ನಿಂತವನ ಬಲಗಡೆಯ ಮುಂಭಾಗದಲ್ಲಿ ಇದು ಹೆಚ್ಚು. ಚಿನ್ಸುರಾ ಯಾಸ್‌ನ ಬಲಗಡೆಯಲ್ಲೇ ಇತ್ತು. ಅಮೇರಿಕದ ಫ್ಲೋರಿಡಾದಲ್ಲಿ 2024ನೇ ಅಕ್ಟೋಬರು 9ರ ರಾತ್ರಿ ಮಿಲ್ಟನ್ ಎಂಬದು ಪಡುವಣ ತೀರವನ್ನು ಮುಟ್ಟುವದಕ್ಕೆ ಮುಂಚೆ, ಅದೇ ಹಗಲು ಮೂಡಣ ತೀರದಲ್ಲಿ ಸುಂಟರಗಾಳಿಗಳೆದ್ದು, ಕಾರ್ಖಾನೆಯಲ್ಲಿ ಮಾಡಿ ತಂದು ನಿಲ್ಲಿಸಿದ ಹಗುರಾದ ಮನೆಗಳ ಒಂದು ವಸತಿಯಲ್ಲಿ ಆರು ಮಂದಿ ಸತ್ತರು.

ಬೆಳ್ಳಂದೂರಿನವರನ್ನು ಸುಂಟರಗಾಳಿಯ ಹೆಸರು ಹೇಳಿ ಹೆದರಿಸುವದು ನಮ್ಮ ಉದ್ದೇಶವಲ್ಲ. ಅದು ಈ ಸೀಮೆಯಲ್ಲಿ ಅಪರೂಪ. ಆದರೆ ಏಪ್ರಿಲ್ ಮೇ ತಿಂಗಳುಗಳ ಗುಡುಗುಗಾಳಿಗೆ ಮರಗಳು ಉರುಳುವದನ್ನೂ ತಗಡುಗಳು ಹಾರುವದನ್ನೂ ಯಾರು ಕಂಡಿಲ್ಲ? ಎತ್ತರವಾದ ಕಟ್ಟಡಗಳ ನೆರಳಿನಲ್ಲಿ ಕೂಲಿಯವರ ತಗಡಿನ ಶೆಡ್ಡುಗಳು ಸಾಲಾಗಿ ನಿಂತಿವೆ. ತಗಡಿನ ಮೇಲೆ ಕಲ್ಲು ಹೇರಿದರೆ ಸಾಲದು. ಬಲವಾದ ಗಾಳಿಗೆ ತಗಡಿನ ಸಂಗಡ ಕಲ್ಲೂ ಹಾರುವದು. ತಗಡನ್ನು ತೊಲೆಗೂ, ತೊಲೆಯನ್ನು ಗೋಡೆಗೂ ಬಿಗಿಯಬೇಕು. ಗಾಳಿ ಹೊಕ್ಕು ಹೊರಡಲೆಂದು ಕಿಟಕಿಗಳನ್ನು ತೆರೆದಿಡಬೇಕೆಂಬ ಮಾತು ಸುಳ್ಳು. ಸುಳಿಗಾಳಿಯ ಮೊರೆತ ಕೇಳಿದರೆ ಕಾಂಕ್ರೀಟು ಚಾವಣಿಯ ಕಟ್ಟಡದ ಒಳಗಣ ಚಿಕ್ಕ ಕೋಣೆಗೆ ಹೋಗಿ, ತಲೆಯನ್ನು ಮರೆಮಾಡಿಕೊಂಡು ಕುಕ್ಕರಿಸಿರಿ. ಮರದ ಕೆಳಗೆ ನಿಲ್ಲಬೇಡಿರಿ, ಬಿದ್ದ ತಂತಿಯನ್ನು ಮುಟ್ಟಬೇಡಿರಿ. ಇನ್ನೊಂದು ಮಾತನ್ನು ಸಭೆಯ ಹಿರಿಯರು ಬೇಸರಪಡದೆ ಕೇಳಬೇಕು. ನಡುವೆ ಕಂಬವಿಲ್ಲದೆ ಅಗಲವಾಗಿ ತಗಡು ಹೊದಿಸಿದ ಪ್ರಾರ್ಥನಾಲಯವು ಅಂಥ ವೇಳೆಯಲ್ಲಿ ಆಶ್ರಯವಲ್ಲ. ಜನರು ಭಯಪಟ್ಟು ಅಲ್ಲಿಗೇ ಓಡಿಬರುವರು. ಬಂದವರನ್ನು ಕಾಂಕ್ರೀಟಿನ ಶಾಲೆಗೆ ನಡಿಸುವದು ಅಪನಂಬಿಕೆಯಲ್ಲ.

ಗಾಳಿ ನಿಂತ ಮೇಲೆ ಮತ್ತೊಂದು ಶೋಧನೆ ಬರುವದು. ಸುಂಟರಗಾಳಿಯು ಒಂದು ಮನೆಯನ್ನು ಕೆಡವಿ ಪಕ್ಕದ ಮನೆಯ ಹೆಂಚನ್ನೂ ಅಲುಗಿಸದೆ ಹೋಗುವದುಂಟು. ಕೆಟ್ಟದ್ದು ವಿಶ್ವಾಸಿಯ ಮನೆಯಾದರೆ, ಹಿರಿಯರ ದೇವರುಗಳನ್ನು ಬಿಟ್ಟದ್ದರ ಫಲವೆಂದು ನೆರೆಯವರು ಹೇಳಾರು. ನೆರೆಯವರದಾದರೆ ನಮ್ಮವರಲ್ಲಿಯೂ ಕೆಲವರು ಅಂಥದೇ ಮಾತನ್ನಾಡಿಯಾರು. ಯೋಬನ ಮಕ್ಕಳಿದ್ದ ಮನೆಯ ನಾಲ್ಕು ಮೂಲೆಗಳಿಗೂ ಗಾಳಿ ಬಡಿದಾಗ ಅವನ ಸ್ನೇಹಿತರೂ ಹೀಗೆಯೇ ಕಾರಣ ಹುಡುಕಿ ಕಡೆಗೆ ಗದರಿಸಲ್ಪಟ್ಟರು. ಸಿಲೊವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿಯು ಮಿಕ್ಕವರಿಗಿಂತ ಹೆಚ್ಚು ಪಾಪಿಷ್ಠರೆಂದು ನೆನಸಬಾರದೆಂದು ಕರ್ತನು ತಾನೇ ಹೇಳಿದ್ದಾನೆ. ನೆರೆಯವನ ಗೋಡೆ ಬಿದ್ದಿರುವಲ್ಲಿ ಮೊದಲು ಮಣ್ಣೆತ್ತಿ, ಮಕ್ಕಳಿಗೆ ಒಣಗಿದ ಬಟ್ಟೆಯನ್ನು ಕೊಡುವ ಕೆಲಸವಿದೆ.

ಪಾಠವನ್ನು ಓದಿದ ಬಳಿಕ ಸಭೆಯವರು ಕೂಡಿ ಇದನ್ನು ವಿಚಾರಿಸಿರಿ: ನಮ್ಮ ಬೀದಿಯಲ್ಲಿ ತಗಡಿನ ಕೆಳಗೆ ಮಲಗುವವರು ಯಾರು ಯಾರು? ನಡುರಾತ್ರಿ ಗಾಳಿ ಎದ್ದರೆ ಅವರಿಗೆ ಯಾರ ಮನೆಯ ಬಾಗಿಲು ತೆರೆಯುವದು, ಶಾಲೆಯ ಬೀಗದ ಕೈ ಯಾರ ಹತ್ತಿರವಿದೆ?