ಕಡತ ತೆರೆಯುವ ಮುನ್ನ ಒಂದು ಚೀಟಿ



ಮಗನನ್ನು ಅಂಗಡಿಗೆ ಕಳಿಸುವಾಗ ತಾಯಿ ಕೈಯಲ್ಲಿ ಚೀಟಿ ಕೊಡುತ್ತಾಳೆ. ಬರಿ 'ಅರಿಶಿನ' ಎಂದರೆ ಸಾಂಗಲಿ ಪೇಟೆಯ ಅಂಗಡಿಕಾರನು ಕೊಂಬೋ ಪುಡಿಯೋ, ಎಷ್ಟು ಬೇಕು ಎಂದು ಮರಳಿ ಕೇಳುತ್ತಾನೆ. 'ಅರಿಶಿನ, ಕೊಂಬು, ಅರ್ಧ ಕಿಲೋ' ಎಂದು ಬರೆದಿದ್ದರೆ ಕೆಲಸ ಒಂದೇ ಸಲಕ್ಕೆ ಆಗುತ್ತದೆ. ಗಣಕಯಂತ್ರದಲ್ಲಿ ಕಡತ ತೆರೆಯುವಾಗಲೂ ಇಂಥ ಚೀಟಿ ಕೊಡಲು ಬರುತ್ತದೆ. ಅದನ್ನು ನಾವು ಕಲಿತದ್ದು ಪೆಟ್ಟು ತಿಂದ ಮೇಲೆ. ಆದ್ದರಿಂದ ಮೊದಲು ಆ ಪೆಟ್ಟಿನ ಸಂಗತಿಯನ್ನೇ ಹೇಳುತ್ತೇವೆ.

ಈ ವಾರ್ಷಿಕ ಸಂಚಿಕೆಗೆಂದು ನಮ್ಮ ಒಂಬತ್ತನೆಯ ಇಯತ್ತೆಯ ಮಕ್ಕಳು ಮನೆಯ ಹಿರಿಯರಿಂದ ಹಳೆಯ ಕನ್ನಡ ಪದಗಳನ್ನು ಕೂಡಿಸಿದ್ದರು. ಮಿರಜ, ಸಾಂಗಲಿ ಕಡೆಯ ಮನೆಗಳಲ್ಲಿ ಕನ್ನಡವೂ ಮರಾಠಿಯೂ ಒಂದೇ ಒಲೆಯ ಮುಂದೆ ಕೂತಿರುತ್ತವೆ. ಕೂರಿಗಿ, ಕುಂಟೆ, ತತ್ರಾಣಿ, ಗಂಗಾಳ ಹೀಗೆ ಪದಗಳು ಬಂದವು. ಒಬ್ಬ ಹುಡುಗಿಯ ಅಜ್ಜಿ 'ಹಗೇವು' ಎಂಬ ಪದ ಕೊಟ್ಟರು. ಹಗೇವು ಎಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜ. ಮರಾಠಿಯಲ್ಲಿ ಇದಕ್ಕೆ 'ಪೇವ' ಎನ್ನುತ್ತಾರೆ. ಸಾಂಗಲಿಯ ಮಗ್ಗುಲಿಗೆ, ಕೃಷ್ಣೆ ವಾರಣೆಯರು ಕೂಡುವ ಹರಿಪುರದಲ್ಲಿ ಅರಿಶಿನವನ್ನು ಇಂಥ ಪೇವುಗಳಲ್ಲಿಯೇ ಕಾಪಾಡುತ್ತಿದ್ದರು. 2005ರ ಮಹಾಪೂರದಲ್ಲಿ ನೀರು ನುಗ್ಗಿ ಬಹಳಷ್ಟು ಪೇವುಗಳು ಹಾಳಾದವು. ವಸ್ತು ಹೋದರೆ ಪದವೂ ಅದರ ಹಿಂದೆಯೇ ಹೋಗುತ್ತದೆ. ಅದಕ್ಕೇ ಪಟ್ಟಿ ಮಾಡುವ ಹಟ ನಮಗೆ.

ಎಲ್ಲವನ್ನೂ ಒಂದೇ ಕಡತದಲ್ಲಿ ಟೈಪು ಮಾಡಿ ಇಟ್ಟೆವು. ಟೈಪಾಯಿತೆಂದು ಚೀಟಿಗಳನ್ನು ಬಿಸಾಡಿದೆವು. ಮುಂದೆ ಒಂದು ದಿನ ಒಂದು ಹಳೆಯ ಯಂತ್ರದಲ್ಲಿ, ಬರಿ ನೋಡಿ ಮುಚ್ಚಬೇಕೆಂದು, ಕಡತ ತೆರೆದೆವು. ಮುಚ್ಚುವಾಗ ಅದು ಏನೋ ಕೇಳಿತು; ಓದದೆ 'ಸರಿ' ಒತ್ತಿದೆವು. ಮರುದಿನ ತೆರೆದರೆ ಪ್ರತಿ ಸಾಲಿನಲ್ಲೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲು!

"ಸರ, ನಮ್ಮ ಅಜ್ಜಿ ಹೇಳಿದ್ದೂ ಹೋತೇನ್ರಿ?" ಎಂದಳು ಆ ಹುಡುಗಿ. ಅವಳ ಅಜ್ಜಿ ಅದಕ್ಕೆ ತಿಂಗಳ ಹಿಂದಷ್ಟೇ ತೀರಿಕೊಂಡಿದ್ದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆದದ್ದೇನು? ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಯಾವ ಅಕ್ಷರಕ್ಕೆ ಯಾವ ಅಂಕಿ ಎಂಬ ಒಪ್ಪಂದಕ್ಕೆ ಸಂಕೇತ ಪದ್ಧತಿ ಎನ್ನುತ್ತಾರೆ. 1991ರಲ್ಲಿ ಬಂದ ಯುನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳನ್ನು ಕೊಟ್ಟಿದ್ದಾರೆ. ಯುಟಿಎಫ್-8 ಎಂಬ ಬರಹದ ರೀತಿಯಲ್ಲಿ ನಮ್ಮ 'ಕ' ಎಂಬ ಒಂದಕ್ಷರಕ್ಕೆ ಮೂರು ಬೈಟುಗಳು ಬೇಕು. ಇಂಗ್ಲಿಷಿನ ಹಳೆಯ ಪದ್ಧತಿಯಲ್ಲಿ ಅಕ್ಷರಕ್ಕೆ ಒಂದೇ ಬೈಟು. ಅಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಕನ್ನಡದ ಕಡತವನ್ನು ಆ ಪದ್ಧತಿಯೆಂದು ತಿಳಿದು ತೆರೆದರೆ ಒಂದೊಂದು ಅಕ್ಷರವೂ ಮೂರು ವಿಚಿತ್ರ ಗುರುತುಗಳಾಗಿ ಕಾಣುತ್ತದೆ. ಆಗ ಗಾಬರಿಯಾಗಬೇಕಿಲ್ಲ, ಏನನ್ನೂ ಉಳಿಸದೆ ಮುಚ್ಚಿದರೆ ಕಡತ ಸುರಕ್ಷಿತ. ಆದರೆ ಕನ್ನಡವನ್ನು ಆ ಪದ್ಧತಿಯಲ್ಲಿ ಉಳಿಸಿದರೆ ಪ್ರತಿ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಅದನ್ನು ಮರಳಿ ತರಲು ಯಾವ ವೈದ್ಯನಿಂದಲೂ ಆಗದು. ನಾವು ಮಾಡಿದ್ದು ಈ ಎರಡನೆಯದನ್ನು.

ಇನ್ನು ಚೀಟಿಯ ವಿಷಯ. ನಮ್ಮ ಶಾಲೆಯ ಯಂತ್ರಗಳಲ್ಲಿ ಲಿನಕ್ಸ್ ಇದೆ. (ಕಾಸರಗೋಡಿನ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಲ್ಲೂ ಮಕ್ಕಳು ಲಿನಕ್ಸಿನಲ್ಲಿಯೇ ಕಲಿಯುತ್ತಾರೆ.) ಅದರಲ್ಲಿ ಟರ್ಮಿನಲ್ ಎಂಬ ಕಿಟಕಿಯಿದೆ. ಚಿತ್ರ ಒತ್ತುವ ಬದಲು ಅಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಬೇಕು. ಮೊದಲು ಸಂಪಾದಕದ ಹೆಸರು, ಆಮೇಲೆ ಆಯ್ಕೆಗಳು, ಕೊನೆಗೆ ಕಡತದ ಹೆಸರು. ಮುದ್ರಣದ ಅನುಕೂಲಕ್ಕಾಗಿ ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ. ಟರ್ಮಿನಲ್ಲಿನಲ್ಲಿ ಸಂಪಾದಕದ ಹೆಸರು ಮತ್ತು ಆಯ್ಕೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ಕಡತದ ಹೆಸರು ಕನ್ನಡದಲ್ಲಿದ್ದರೆ ನಡೆಯುತ್ತದೆ.

ಜಿಎಡಿಟ್ +120 ಪದಗಳು

ಹೀಗೆ ಬರೆದರೆ 'ಪದಗಳು' ಎಂಬ ಕಡತ ತೆರೆದು ಕರ್ಸರು ನೆಟ್ಟಗೆ 120ನೆಯ ಸಾಲಿಗೆ ಹೋಗಿ ನಿಲ್ಲುತ್ತದೆ. +120:8 ಎಂದರೆ ಆ ಸಾಲಿನ ಎಂಟನೆಯ ಜಾಗಕ್ಕೆ. ಊರಿಗೊಂದು ಮಾತು ಎನ್ನುವಂತೆ ಪ್ರತಿ ಸಂಪಾದಕಕ್ಕೂ ತನ್ನದೇ ರೀತಿ. ಕೇಟ್ ಎಂಬುದರಲ್ಲಿ ಇದೇ ಮಾತಿಗೆ -ಎಲ್ 120 ಎನ್ನಬೇಕು. ಯಾವುದಕ್ಕೆ ಏನು ಎಂಬುದನ್ನು ಬಾಯಿಪಾಠ ಮಾಡಬೇಡಿ. ಹೆಸರಿನ ಮುಂದೆ ಎರಡು ಅಡ್ಡಗೆರೆ ಹಾಕಿ 'ಹೆಲ್ಪ್' ಎಂದು ಬರೆದರೆ ಅದೇ ತನ್ನ ಪಟ್ಟಿಯನ್ನು ಕೊಡುತ್ತದೆ. ಕಡತದ ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಉದ್ಧರಣ ಚಿಹ್ನೆಯೊಳಗೆ ಇಡಿ. ಇಲ್ಲದಿದ್ದರೆ 'ಅಜ್ಜಿಯ ಪದಗಳು' ಎಂಬುದನ್ನು ಅದು ಎರಡು ಕಡತಗಳೆಂದು ತಿಳಿಯುತ್ತದೆ.

ಜಿಎಡಿಟ್ --ಎನ್‌ಕೋಡಿಂಗ್=ಯುಟಿಎಫ್-8 ಪದಗಳು

ನಮಗೆ ಎಲ್ಲಕ್ಕಿಂತ ಬೇಕಾದದ್ದು ಇದು. ಯಾವ ಪದ್ಧತಿಯೆಂದು ಊಹಿಸುವ ಕೆಲಸವನ್ನು ಯಂತ್ರಕ್ಕೆ ಬಿಡದೆ ನಾವೇ ಹೇಳುವುದು. ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ ಕಡತಗಳಿಗೆ ಮಾತ್ರ ಈ ಮದ್ದು ನಾಟುವುದಿಲ್ಲ. ಅವುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷಿನ ಮನೆಗಳಲ್ಲಿ ಬಾಡಿಗೆಗೆ ಇರುತ್ತವೆ. ಪರಿವರ್ತಕದಿಂದ ಯುನಿಕೋಡಿಗೆ ತರಬೇಕು.

ಜಿವಿಮ್ ಎಂಬ ಇನ್ನೊಂದು ಸಂಪಾದಕವಿದೆ. ಬ್ರಾಮ್ ಮೂಲೆನಾರ್ ಎಂಬವರು 1991ರಲ್ಲಿ ಹೊರತಂದ ವಿಮ್‌ನ ಕಿಟಕಿಯುಳ್ಳ ರೂಪ ಅದು. ಅದಕ್ಕೆ ದೊಡ್ಡ ಆರ್ ಅಕ್ಷರದ ಆಯ್ಕೆ (-ಆರ್) ಕೊಟ್ಟರೆ ಕಡತ ಓದಲಿಕ್ಕೆ ಮಾತ್ರ ತೆರೆಯುತ್ತದೆ. ತಪ್ಪಿ ಏನಾದರೂ ಒತ್ತಿ ಉಳಿಸಹೋದರೆ ಒಪ್ಪುವುದಿಲ್ಲ. ಒತ್ತಾಯ ಮಾಡಿದರೆ ಮಾತ್ರ ಉಳಿಸುತ್ತದೆ. ಅಂದು ನಮಗೆ ಇದು ಗೊತ್ತಿದ್ದರೆ! ಆದರೆ ಸಣ್ಣ ಆರ್ ಬರೆದಿರೋ, ಅರ್ಥವೇ ಬೇರೆ. ಅದು ಕರೆಂಟು ಹೋಗಿ ಅರ್ಧಕ್ಕೆ ನಿಂತ ಬರಹವನ್ನು ಮರಳಿ ಪಡೆಯುವ ಆಯ್ಕೆ. ಬರೆಯುತ್ತಿರುವಾಗ ಜಿವಿಮ್ 200 ಅಕ್ಷರಕ್ಕೊಮ್ಮೆ, ಇಲ್ಲವೇ ನಾಲ್ಕು ಸೆಕೆಂಡು ಕೈ ನಿಂತರೆ, ಮಗ್ಗುಲಿನ ಒಂದು ಗುಪ್ತ ಕಡತದಲ್ಲಿ ಬರೆದಿಡುತ್ತದೆ. ಲೋಡ್‌ಶೆಡ್ಡಿಂಗ್ ಕಂಡ ನಮ್ಮೂರಿನವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ. ಒಂದು ಕೊರತೆಯಿದೆ: ಜಿವಿಮ್‌ನಲ್ಲಿ ನಮ್ಮ ಒತ್ತಕ್ಷರಗಳು ಸರಿಯಾಗಿ ಮೂಡುವುದಿಲ್ಲ. ಆದ್ದರಿಂದ ಈಗ ನಾವು ಕಡತಕ್ಕೇ ಬರೆಯುವ ಅನುಮತಿ ತೆಗೆದುಹಾಕಿ, ಜಿಎಡಿಟ್‌ನಲ್ಲಿ ಓದುತ್ತೇವೆ.

ಇನ್ನೊಂದು ಸಂಗತಿ ನಮ್ಮನ್ನು ಬಹಳ ಕಾಡಿತು. ತಿದ್ದುಪಡಿ ಮುಗಿದೊಡನೆ ಕಡತದ ನಕಲು ತಾನಾಗಿಯೇ ಪೆನ್‌ಡ್ರೈವಿಗೆ ಹೋಗಲೆಂದು ಎರಡು ಆಜ್ಞೆಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದೆವು. ಒಮ್ಮೊಮ್ಮೆ ಹೊಸ ನಕಲು ಬರುತ್ತಿತ್ತು, ಒಮ್ಮೊಮ್ಮೆ ಹಳೆಯದೇ ಹೋಗಿರುತ್ತಿತ್ತು. ಕಾರಣ ತಿಳಿಯಲು ಎರಡು ದಿನ ಹಿಡಿಯಿತು. ಜಿಎಡಿಟ್ ಮೊದಲೇ ತೆರೆದಿದ್ದರೆ, ಎರಡನೆಯ ಸಲ ಕೊಟ್ಟ ಆಜ್ಞೆಯು ಕಡತವನ್ನು ಅದರ ಕೈಗೆ ಒಪ್ಪಿಸಿ ತಾನು ಕೂಡಲೇ ಹೊರಟುಬಿಡುತ್ತದೆ. ನಾವು ಇನ್ನೂ ತಿದ್ದುತ್ತಿರುವಾಗಲೇ ಕೆಲಸ ಮುಗಿಯಿತೆಂದು ತಿಳಿದು ನಕಲಿನ ಆಜ್ಞೆ ಓಡಿಹೋಗುತ್ತದೆ. --ವೇಟ್ ಎಂಬ ಆಯ್ಕೆ ಕೊಟ್ಟರೆ ಕಡತ ಮುಚ್ಚುವ ತನಕ ಅದು ಬಾಗಿಲಲ್ಲಿ ಕಾದು ನಿಲ್ಲುತ್ತದೆ. ಜಿವಿಮ್‌ನಲ್ಲಿ ಇದೇ ಕೆಲಸಕ್ಕೆ ಸಣ್ಣ ಎಫ್ ಅಕ್ಷರ (-ಎಫ್).

ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡಲು ಜಿವಿಮ್‌ಗೆ ಸಣ್ಣ ಡಿ (-ಡಿ) ಕೊಡಬೇಕು. ಪದಗಳನ್ನು ಮತ್ತೆ ಕೂಡಿಸುವಾಗ ಇದು ಉಪಯೋಗಕ್ಕೆ ಬಂತು. ಮಕ್ಕಳು ವಹಿಗಳನ್ನು ಹುಡುಕಿ ತಂದರು. ಕೆಲವರು ಮತ್ತೊಮ್ಮೆ ಹಿರಿಯರ ಮುಂದೆ ಕೂತರು. ಇಬ್ಬರು ಬೇರೆಬೇರೆಯಾಗಿ ಟೈಪಿಸಿದ್ದನ್ನು ಹೀಗೆ ಹೋಲಿಸಿ ತಪ್ಪು ತೆಗೆದೆವು. ಅರ್ಧಕ್ಕಿಂತ ಹೆಚ್ಚು ಪದಗಳು ಮರಳಿ ಬಂದಿವೆ. ಆ ಹುಡುಗಿಯ ವಹಿಯ ಹಿಂದಿನ ಪುಟದಲ್ಲಿ ಅಜ್ಜಿಯ ಹನ್ನೊಂದು ಪದಗಳು ಸಿಕ್ಕವು, ಹಗೇವು ಅವುಗಳಲ್ಲಿದೆ. ಉಳಿದವು ಅವಳಿಗೆ ನೆನಪಿಲ್ಲ.

ಪಾಲಕರಲ್ಲಿ ಒಂದು ವಿನಂತಿ. ಹೊಲದ್ದು, ಅಡಿಗೆಮನೆಯದು, ದನದ ಕೊಟ್ಟಿಗೆಯದು, ಯಾವ ಪದ ನೆನಪಿಗೆ ಬಂದರೂ ಒಂದು ಚೀಟಿಯಲ್ಲಿ ಬರೆದು ಮಕ್ಕಳ ಕೈಯಲ್ಲಿ ಕಳಿಸಿರಿ. ಈ ಸಲ ಚೀಟಿಗಳನ್ನು ನಾವು ಬಿಸಾಡುವುದಿಲ್ಲ.