ಇಂದಿನ ಧಮ್ಮ ಚಿಂತನೆ: ರಾತ್ರಿ ಮೂರು ಗಂಟೆಯ ಭಯ



ಈ ಗುಂಪಿನಲ್ಲಿ ಗಂಡಸರೂ ಇದ್ದೀರಿ. ಮುಟ್ಟಿನ ವಿಷಯ ಬರೆಯಲೋ ಬೇಡವೋ ಎಂದು ಎರಡು ವಾರ ಯೋಚಿಸಿದೆ. ತಾಯಿ, ಹೆಂಡತಿ, ಅಕ್ಕ ಇರುವವರೆಲ್ಲ ತಿಳಿಯಬೇಕಾದದ್ದೇ ಅನ್ನಿಸಿ ಬರೆಯುತ್ತಿದ್ದೇನೆ.

ನನಗೀಗ 48. ಹೋದ ವರ್ಷದಿಂದ ಮುಟ್ಟು ಏರುಪೇರಾಗಿದೆ. ಒಂದು ರಾತ್ರಿ ಮೂರು ಗಂಟೆಗೆ ಥಟ್ಟನೆ ಎಚ್ಚರವಾಯಿತು. ಎದೆ ಡವಡವ, ಕೈ ನಡುಕ, ಕತ್ತಿನಿಂದ ಮೇಲೆ ಬೆಂಕಿ ಹೊತ್ತಿದ ಹಾಗೆ, ಆಮೇಲೆ ರವಿಕೆ ನೆನೆಯುವಷ್ಟು ಬೆವರು. ಕೆಟ್ಟ ಕನಸೂ ಬಿದ್ದಿರಲಿಲ್ಲ. ಸತ್ತೇ ಹೋಗುತ್ತೇನೆ ಅನ್ನಿಸಿತು. ವಾರಕ್ಕೆ ಎರಡು ಮೂರು ಸಲ ಹೀಗಾಗತೊಡಗಿ, ಮಲಗುವುದಕ್ಕೇ ಹೆದರಿಕೆಯಾಯಿತು.

ಊರಿಂದ ಬಂದಿದ್ದ ದೊಡ್ಡಮ್ಮ, "ಮನೆದೇವ್ರನ್ನ ಬಿಟ್ಬಿಟ್ರಲ್ಲವ್ವಾ, ಅದರ ಕಾಟ ಇದು. ಒಂದು ತಾಯ್ತ ಕಟ್ಟಿಸ್ಕೊ" ಅಂದರು. ನಾನು ದೀಕ್ಷೆ ತೆಗೆದುಕೊಂಡು 12 ವರ್ಷವಾಯಿತು. ಬಾಬಾಸಾಹೇಬರ 22 ಪ್ರತಿಜ್ಞೆಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು. ಆದರೂ ನಿಜ ಹೇಳುತ್ತೇನೆ, ಮುಂದಿನ ಸಲ ಎದೆ ಹೊಡೆದುಕೊಂಡಾಗ ಆ ತಾಯಿತ ನೆನಪಾಗಿ ಮನಸ್ಸು ಅಲ್ಲಾಡಿತು.

ಮಗಳು ಹಟ ಹಿಡಿದು ಡಾಕ್ಟರ ಬಳಿ ಕರೆದೊಯ್ದಳು. ಇಸಿಜಿ ಮಾಡಿಸಿ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿದರು. ಥೈರಾಯ್ಡ್ ಹೆಚ್ಚಾದರೂ, ರಕ್ತಹೀನತೆ ಇದ್ದರೂ ಎದೆ ಹೀಗೇ ಹೊಡೆದುಕೊಳ್ಳುತ್ತದಂತೆ. ನನಗೆ ರಕ್ತ ಸ್ವಲ್ಪ ಕಡಿಮೆ ಇತ್ತು, ಕಬ್ಬಿಣದ ಮಾತ್ರೆ ಕೊಟ್ಟರು. ಉಳಿದದ್ದು ವಯಸ್ಸಿನದು. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೋಜನ್ ಹಾರ್ಮೋನು ಏರಿಳಿಯುತ್ತಾ ಕಡಿಮೆಯಾಗುತ್ತದೆ. ಮೆದುಳಿನಲ್ಲಿ ಮೈಶಾಖ ಕಾಯುವ ಭಾಗ ಆಗ ತುಂಬಾ ಸೂಕ್ಷ್ಮವಾಗಿ, ಸ್ವಲ್ಪ ಬಿಸಿಗೂ ಬೆವರಿಳಿಸಲು ಹೊರಡುತ್ತದೆ. ಜೊತೆಗೆ ಅಡ್ರಿನಲಿನ್‌ನಂಥ ರಾಸಾಯನಿಕಗಳು ಉಕ್ಕುತ್ತವೆ. ಹುಲಿ ಕಂಡಾಗ ಮೈ ಮಾಡುವ ಕೆಲಸವೇ ಇದು, ಹುಲಿ ಮಾತ್ರ ಇಲ್ಲ. ಇಲ್ಲದ ಹುಲಿಯನ್ನು ಮನಸ್ಸು ಹುಡುಕಿ ತರುತ್ತದೆ: ಸಾಲ, ಮಗನ ಕೆಲಸ, ಹೃದಯದ ಕಾಯಿಲೆ, ಬಿಟ್ಟು ಬಂದ ಮನೆದೇವರು.

ಆ ವಾರ ನಾನು ಓದಿದ್ದು ಮಜ್ಝಿಮ ನಿಕಾಯದ ನಾಲ್ಕನೆಯದಾದ ಭಯಭೇರವ ಸುತ್ತ. ಬೋಧಿ ಪಡೆಯುವ ಮೊದಲು ಕಾಡಿನಲ್ಲಿ ಒಬ್ಬರೇ ಇದ್ದಾಗಿನ ಅನುಭವವನ್ನು ಭಗವಾನರು ಜಾಣುಸ್ಸೋಣಿ ಎಂಬ ಬ್ರಾಹ್ಮಣನಿಗೆ ಹೇಳುತ್ತಾರೆ. ಜನ ಹೆದರುವ ಗುಡಿಗಳಿಗೆ, ಹುಣ್ಣಿಮೆ ಅಮಾವಾಸ್ಯೆಯಂಥ ರಾತ್ರಿಗಳಲ್ಲಿ, ಬೇಕೆಂದೇ ಹೋಗಿ ಕೂತರಂತೆ. ಪ್ರಾಣಿ ಸುಳಿದರೆ, ನವಿಲು ಕಡ್ಡಿ ಬೀಳಿಸಿದರೆ, ಗಾಳಿಗೆ ತರಗೆಲೆ ಸದ್ದಾದರೆ ಭಯ ಬರುತ್ತಿತ್ತು ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಆಗ ಏನು ಮಾಡಿದರು? ನಡೆಯುವಾಗ ಭಯ ಬಂದರೆ ಅದು ಅಡಗುವ ತನಕ ನಡೆಯುತ್ತಲೇ ಇದ್ದರು. ಕೂತಾಗ ಬಂದರೆ ಕೂತೇ ಇದ್ದರು, ಮಲಗಿದ್ದಾಗ ಬಂದರೆ ಏಳಲಿಲ್ಲ. ಯಾವ ದೇವರ ಮೊರೆಯೂ ಹೋಗಲಿಲ್ಲ.

ಈಗ ಎಚ್ಚರವಾದರೆ ನಾನೂ ಮಲಗಿದ್ದಲ್ಲೇ ಇರುತ್ತೇನೆ. ಬಿಸಿ ಎಲ್ಲಿದೆ, ಬೆವರು ಎಲ್ಲಿದೆ ಎಂದು ನೋಡುತ್ತೇನೆ. (ಕನ್ನಡದಲ್ಲಿ ವೇದನೆ ಎಂದರೆ ನೋವು. ಪಾಳಿಯ ವೇದನಾ ಅಷ್ಟೇ ಅಲ್ಲ, ಸುಖ, ದುಃಖ, ಎರಡೂ ಅಲ್ಲದ್ದು, ಮೂರೂ ಸೇರಿದ ಅನುಭವ.) ಉಸಿರನ್ನು ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡುತ್ತೇನೆ. ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಇಳಿಯದ ರಾತ್ರಿಗಳೂ ಇವೆ, ಆಗ ಯಜಮಾನರನ್ನು ಎಬ್ಬಿಸುತ್ತೇನೆ, ಸುಮ್ಮನೆ ಪಕ್ಕದಲ್ಲಿ ಕೂರುತ್ತಾರೆ. ಸಂಜೆಯ ಟೀ ಬಿಟ್ಟೆ. ಧ್ಯಾನಕ್ಕಿಂತ ಅದೇ ಕಷ್ಟವಾಯಿತು!

ಒಂದು ಮಾತು. "ಧ್ಯಾನ ಮಾಡು, ಎಲ್ಲ ಸರಿಹೋಗುತ್ತೆ" ಎಂದು ಯಾರನ್ನೂ ಸಾಗಹಾಕಬೇಡಿ. ಎದೆನೋವು, ಉಸಿರುಕಟ್ಟುವಿಕೆ, ತಲೆಸುತ್ತಿ ಬೀಳುವುದು ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೂ ತೋರಿಸಬೇಕು. ಈ ಬಿಸಿಗೂ ಆತಂಕಕ್ಕೂ ಔಷಧ ಇದೆ, ತೆಗೆದುಕೊಂಡರೆ ಧಮ್ಮಕ್ಕೆ ಕುಂದಿಲ್ಲ. ವಿನಯ ಪಿಟಕದ ಮಹಾವಗ್ಗದಲ್ಲಿ ಔಷಧಗಳಿಗೆಂದೇ ಒಂದು ಅಧ್ಯಾಯವಿದೆ.

ಕಳೆದ ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಹೆಂಗಸರ ನಡುವೆ ಇದನ್ನು ಹೇಳಿದೆ. ಒಬ್ಬೊಬ್ಬರಾಗಿ "ನಂಗೂ ಹಂಗೇ ಆಗ್ತದೆ" ಅಂದರು. ಒಬ್ಬರು ಆರು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ. ಗುರುವಾರ ಅವರ ಜೊತೆ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಬರುವ ಭಾನುವಾರ ಭಯಭೇರವ ಸುತ್ತವನ್ನು ಎಲ್ಲರೂ ಕೂಡಿ ಓದೋಣ. ಗಂಡಸರೂ ಬನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.