ಉಳುಕಿದ ಕಾಲು ಮತ್ತೆ ಅಂಕಣಕ್ಕೆ ಇಳಿಯಬೇಕಾದರೆ

ಕೆ. ಹೊಸಕೋಟೆ ಸುತ್ತಿನ ಊರುಗಳ ಹುಡುಗ ಹುಡುಗಿಯರಿಗೆ ಈ ಮಾತು. ಮಳೆಗಾಲವಿಡೀ ಕಬಡ್ಡಿ, ವಾಲಿಬಾಲ್ ಬಿಟ್ಟಿದ್ದು, ಕೊಯ್ಲು ಮುಗಿದ ಮೇಲೆ ಒಂದೇ ರಾತ್ರಿ ನಾಲ್ಕು ಪಂದ್ಯ ಆಡಿದರೆ ಮಂಡಿ, ಹರಡು ತಡೆಯುವುದಿಲ್ಲ.

1. ಟೂರ್ನಮೆಂಟಿಗೆ ಎಂಟು ವಾರ ಮೊದಲೇ ಮೈ ಹದ ಮಾಡಲು ಶುರು ಮಾಡಿ. ಮನೆಯ ಜಗಲಿ ಸಾಕು.

2. ವಾರ್ಮ್ ಅಪ್ ಎಂದರೆ ಒಂದು ಸುತ್ತು ಓಟವಲ್ಲ. ಫುಟ್ಬಾಲಿಗೆಂದು ರೂಪಿಸಿದ ‘ಫಿಫಾ 11+’ ಸುಮಾರು 20 ನಿಮಿಷದ್ದು: ಓಟ, ಬಲ, ಸಮತೋಲನ, ಜಿಗಿತ. ಕಬಡ್ಡಿಗೂ ಒಗ್ಗುತ್ತದೆ. ಜಿಗಿದು ಇಳಿಯುವಾಗ ಮಂಡಿ ಬಾಗಲಿ, ಒಳಕ್ಕೆ ವಾಲದಿರಲಿ.

3. ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ವ್ಯಾಯಾಮ. ಮಂಡಿಯೂರಿ ನಿಲ್ಲಿ, ಜೊತೆಗಾರ ಹಿಮ್ಮಡಿ ಗಟ್ಟಿಯಾಗಿ ಹಿಡಿಯಲಿ. ಸೊಂಟ ಮಡಿಸದೆ ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ, ಕೊನೆಗೆ ಕೈಯೂರಿ. ಮೊದಲ ವಾರ ಐದೈದು ಸಲ ಸಾಕು, ಸ್ನಾಯು ನೋಯುತ್ತದೆ. ಇದನ್ನು ಬಿಡದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಗಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಇಷ್ಟು ಫಲ ಕೊಡುವ, ದುಡ್ಡು ಬೇಡದ ವ್ಯಾಯಾಮ ಅಪರೂಪ.

4. ಉಳುಕಿದ ದಿನವೇ ಬಿಸಿ ಎಣ್ಣೆ ಹಚ್ಚಿ ನೀವಿಸಬೇಡಿ, ಎಳೆಸಬೇಡಿ. ಒಳಗೆ ಹರಿದ ನಾರು ಇನ್ನಷ್ಟು ಹರಿದು ಬಾವು ಏರುತ್ತದೆ. ಹಿರಿಯರು ಒತ್ತಾಯಿಸಿದರೂ ಈ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ಪಟ್ಟಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ನೋವಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬಹುದು. ನಾಲ್ಕು ಹೆಜ್ಜೆ ಊರಲಾಗದಿದ್ದರೆ ಅಥವಾ ಹರಡಿನ ಮೂಳೆ ಒತ್ತಿದಾಗ ನೋವಾದರೆ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ.

5. ಮೂಳೆ ಮುರಿದಿಲ್ಲವೆಂದು ಖಾತ್ರಿಯಾದರೆ ವಾರಗಟ್ಟಲೆ ಮಲಗಬೇಡಿ. ಎರಡು ಮೂರು ದಿನದಲ್ಲಿ ನೋವು ತಡೆಯುವಷ್ಟು ಪಾದ ಆಡಿಸಿ, ನಡೆಯಿರಿ. ಆಮೇಲೆ ಒಂಟಿ ಕಾಲಲ್ಲಿ 30 ಸೆಕೆಂಡು ನಿಲ್ಲಿ. ಅದು ಸಲೀಸಾದರೆ ಗೋಡೆಯ ಪಕ್ಕ ಕಣ್ಣು ಮುಚ್ಚಿ ನಿಲ್ಲಿ. ಒಮ್ಮೆ ಉಳುಕಿದ ಹರಡು ಮತ್ತೆ ಮತ್ತೆ ಉಳುಕಲು ಈ ಸಮತೋಲನ ಕೆಡುವುದೂ ಒಂದು ಕಾರಣ.

6. ನೋವು ಹೋದ ಮಾತ್ರಕ್ಕೆ ಕಾಲು ತಯಾರಾಗಿಲ್ಲ. ಒಂಟಿ ಕಾಲಲ್ಲಿ ಕುಪ್ಪಳಿಸಿ ಅಳೆಯಿರಿ: ಒಳ್ಳೆಯ ಕಾಲು ಹಾರುವ ದೂರದ ಶೇ. 90ರಷ್ಟನ್ನಾದರೂ ಗಾಯದ ಕಾಲು ಹಾರಬೇಕು. ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟುನಾರಿನ ಶಸ್ತ್ರಚಿಕಿತ್ಸೆಯಾಗಿದ್ದರೆ ಒಂಬತ್ತು ತಿಂಗಳಿಗೆ ಮೊದಲು ಪಂದ್ಯ ಬೇಡ. ಕಾದರೆ ನಷ್ಟವಿಲ್ಲ: ನಮ್ಮ ಹಾಸನ ಜಿಲ್ಲೆಯ ಜಾವಗಲ್ ಊರನ್ನು ಹೆಸರಿನಲ್ಲಿ ಹೊತ್ತ ಕ್ರಿಕೆಟ್ ಬೌಲರ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದರು. ಗುಣವಾಗಿ ಮರಳಿ, 1999ರ ಫೆಬ್ರುವರಿಯಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಕಿತ್ತರು.

7. ಪಂದ್ಯ ನಡೆಸುವವರೇ, ಗದ್ದೆಯ ಕೂಳೆ, ಕಲ್ಲು ಆರಿಸಿ, ಮಣ್ಣು ಸಡಿಲಿಸಿ, ಗೆರೆಯಾಚೆಗೂ ಜಾಗ ಬಿಡಿ. ಒಂದೇ ತಂಡಕ್ಕೆ ಬೆನ್ನುಬೆನ್ನಿಗೆ ಪಂದ್ಯ ಕೊಡಬೇಡಿ.